ಕಲ್ಲೊಳಗಿನ ಎಣ್ಣೆಗುಳ್ಳೆ: ನಾನು ಅಳೆಯುವ ರೀತಿ

ತೈಲ ಬಾವಿಯಿಂದ ಕೊರೆದು ತೆಗೆದ ಕಲ್ಲು, ಅಂದರೆ ಕೋರ್, ಸಿಕ್ಕರೆ ಬೆರಳಿನಷ್ಟು ತುಂಡು ಸಿಗುತ್ತದೆ, ಅದರ ಮೇಲೆ ಕೈ ಪಳಗಿಸೋಕೆ ಆಗಲ್ಲ. ಹಾಗಾಗಿ ನಾನು ಫ್ಲೂಯಿಡ್ ಇನ್‌ಕ್ಲೂಷನ್ ಕೆಲಸ, ಅಂದರೆ ಹರಳಿನೊಳಗೆ ಸಿಕ್ಕಿಕೊಂಡ ದ್ರವದ ಹನಿ ನೋಡಿ ಆ ಕಲ್ಲಿಗೆ ಎಣ್ಣೆ ಯಾವಾಗ ಬಂತು ಎಂದು ಲೆಕ್ಕ ಹಾಕುವುದನ್ನು, ಕಲಿತಿದ್ದು ನಮ್ಮ ಕಲಬುರಗಿ ಜಿಲ್ಲೆಯ ಸುಣ್ಣಕಲ್ಲಿನ ಮೇಲೆ. ಶಹಾಬಾದ್ ಕಡೆ ಬಿಳಿ ಕ್ಯಾಲ್ಸೈಟ್ (ಸುಣ್ಣದ ಹರಳು) ಎಳೆ ಓಡಿರುವ ತುಂಡುಗಳನ್ನು ಗಣಿಯವರು ಪಕ್ಕಕ್ಕೆ ಎಸೆದಿರುತ್ತಾರೆ. ನಾನು ಆರಿಸುತ್ತಿದ್ದಾಗ ಅಲ್ಲಿನ ಕಾಕಾ ಒಬ್ಬರು, "ಇದ್ರಾಗ ಎಣ್ಣಿ ಸಿಗ್ತದೇನ್ರಿ?" ಎಂದು ನಕ್ಕರು. ಎಣ್ಣೆಗಲ್ಲ ಕಾಕಾ, ಸುಮ್ನೆ ಕಲಿಯೋಕೆ ಅಂದೆ.

ಹರಳು ಬೆಳೆಯುವಾಗ ಸುತ್ತಲಿನ ನೀರು, ಎಣ್ಣೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಇಂಥ ಹನಿಗಳಲ್ಲಿ ಹೆಚ್ಚಿನವು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ತಣ್ಣಗಾದ ಮೇಲೆ ದ್ರವ ಕುಗ್ಗಿ ಒಳಗೊಂದು ಗುಳ್ಳೆ ಉಳಿಯುತ್ತದೆ. ಮತ್ತೆ ಬಿಸಿ ಮಾಡಿದರೆ ಅದು ಚಿಕ್ಕದಾಗುತ್ತಾ, ಅಲ್ಲಾಡುತ್ತಾ, ಪಟ್ ಅಂತ ಮಾಯ. ಆ ಉಷ್ಣತೆಯನ್ನೇ ಬರೆದುಕೊಳ್ಳುವುದು. ಹನಿ ಸಿಕ್ಕಿಕೊಂಡಾಗ ಕಲ್ಲು ಎಷ್ಟು ಬಿಸಿಯಿತ್ತು ಎಂಬುದಕ್ಕೆ ಅದೇ ಸುಳಿವು.

ಸೂಕ್ಷ್ಮದರ್ಶಕಕ್ಕೆಂದು ಗಾಜಿಗೆ ಅಂಟಿಸಿ ಸವೆಸಿದ ಕಲ್ಲಿನ ಮಾಮೂಲಿ ಹಾಳೆ, ಅಂದರೆ 30 ಮೈಕ್ರಾನ್ ಥಿನ್ ಸೆಕ್ಷನ್, ಇದಕ್ಕೆ ತೀರಾ ತೆಳು. ಎರಡೂ ಬದಿ ಪಾಲಿಶ್ ಮಾಡಿದ ಸುಮಾರು 100 ಮೈಕ್ರಾನ್ ವೇಫರ್ ಬೇಕು. ಅಂಟು ಅಸಿಟೋನ್‌ನಲ್ಲಿ ಬಿಡುವಂಥದ್ದಾಗಿರಲಿ, ಬಿಸಿ ಮಾಡಿ ಅಂಟಿಸುವುದು ಬೇಡ. ಕೊಯ್ಯುವಾಗಲೂ ನೀರು ಬಿಡುತ್ತಾ ನಿಧಾನಕ್ಕೆ.

ಸ್ಟೇಜ್ (ಸೂಕ್ಷ್ಮದರ್ಶಕದ ಕೆಳಗೆ ತುಂಡನ್ನು ಬಿಸಿ, ತಣ್ಣಗೆ ಮಾಡುವ ಪುಟ್ಟ ಪೀಠ) ಮೇಲೆ ಇಡುವ ಮುಂಚೆ ನಾನು ಯುವಿ ಬೆಳಕಲ್ಲಿ ತುಂಬಾ ಹೊತ್ತು ನೋಡುತ್ತೇನೆ. ಎಣ್ಣೆ ಹೊಳೆಯುತ್ತದೆ, ನೀರು ಹೊಳೆಯಲ್ಲ. ಹಗುರ ಎಣ್ಣೆ ನೀಲಿ, ಭಾರದ್ದು ಹಳದಿ, ಕಂದು. ಬಣ್ಣ ನೋಡಿ ಎಣ್ಣೆಯ ದರ್ಜೆ ಹೇಳಿಬಿಡುವವರಿದ್ದಾರೆ, ನನಗೆ ಅಷ್ಟು ನಂಬಿಕೆ ಇಲ್ಲ. ನಾನು ಹುಡುಕುವುದು ಒಂದೇ ಬಿರುಕಿನ ಸಾಲಲ್ಲಿ, ಒಂದೇ ಹೊತ್ತಲ್ಲಿ ಸಿಕ್ಕಿಕೊಂಡ ಎಣ್ಣೆ ಮತ್ತು ನೀರಿನ ಜೋಡಿ.

ಯಾಕೆಂದರೆ ಎಣ್ಣೆಯ ಗುಳ್ಳೆ ಬೇಗ ಮಾಯವಾಗುತ್ತದೆ. ಎಣ್ಣೆ ಒತ್ತಡಕ್ಕೆ ಜಾಸ್ತಿ ಕುಗ್ಗುವುದರಿಂದ ಅದರ ಸಂಖ್ಯೆ ಸಿಕ್ಕಿಕೊಂಡಾಗಿನ ನಿಜವಾದ ಉಷ್ಣತೆಗಿಂತ ಎಷ್ಟೋ ಕೆಳಗಿರುತ್ತದೆ. ಪಕ್ಕದ ನೀರಲ್ಲಿ ಮೀಥೇನ್ ಪೂರ್ತಿ ಕರಗಿದ್ದರೆ ಅದರ ಸಂಖ್ಯೆ ನಿಜಕ್ಕೆ ಹತ್ತಿರ. ಎಣ್ಣೆ 75 ಡಿಗ್ರಿ, ನೀರು 105 ಅಂದರೆ ನಾನು ನಂಬುವುದು 105ನ್ನೇ.

ಕ್ಯಾಲ್ಸೈಟ್‌ನಲ್ಲಿ ಮೊದಲು ಬಿಸಿ, ಆಮೇಲೆ ಫ್ರೀಜಿಂಗ್. ಉಲ್ಟಾ ಮಾಡಿದರೆ ಮಂಜುಗಡ್ಡೆ ಹಿಗ್ಗಿ ಮೆತ್ತನೆಯ ಹರಳಿನ ಗೂಡನ್ನೇ ದೊಡ್ಡದು ಮಾಡುತ್ತದೆ, ಆಮೇಲೆ ಬರುವ ಉಷ್ಣತೆ ಎಲ್ಲಾ ಮೇಲಕ್ಕೆ. ಫ್ರೀಜಿಂಗ್‌ನಿಂದ ಉಪ್ಪಿನ ಅಂಶ ತಿಳಿಯುತ್ತದೆ. ಕೊನೆಯ ಮಂಜು ಸುಮಾರು -2 ಡಿಗ್ರಿಗೆ ಕರಗಿದರೆ ಹೆಚ್ಚುಕಮ್ಮಿ ಸಮುದ್ರದ ನೀರು.

ಇನ್ನು ಲೆಕ್ಕ. ಮೇಲ್ಮೈ 30 ಡಿಗ್ರಿ, ಕಿಲೋಮೀಟರಿಗೆ 30 ಡಿಗ್ರಿ ಏರಿಕೆ ಅಂದುಕೊಂಡರೆ 105 ಅಂದರೆ 2.5 ಕಿ.ಮೀ. ಆಳ. ಪದರ ಆ ಆಳಕ್ಕೆ ಯಾವಾಗ ಇಳಿದಿತ್ತು ಎಂದು ಬರಿಯಲ್ ಕರ್ವ್‌ನಲ್ಲಿ (ಪದರ ಯಾವ ಕಾಲಕ್ಕೆ ಎಷ್ಟು ಆಳದಲ್ಲಿತ್ತು ಎಂದು ತೋರಿಸುವ ಗೆರೆ) ನೋಡಿದರೆ ಎಣ್ಣೆ ಬಂದ ಕಾಲ ಸಿಗುತ್ತದೆ. ಆದರೆ ಆ ಪದರ ಆಮೇಲೆ ಮೇಲೆದ್ದಿದ್ದರೆ ಒಂದೇ ಆಳಕ್ಕೆ ಎರಡು ಕಾಲ ಬರುತ್ತದೆ ಅಲ್ವಾ? ಆಗ ಸ್ಟೇಜ್ ಬಂದ್ ಮಾಡಿ, ಯಾವ ಸಿಮೆಂಟ್ (ಕಲ್ಲಿನ ಸಂದುಗಳಲ್ಲಿ ತಾನಾಗಿ ಬೆಳೆದ ಹರಳು) ಯಾವುದರ ಮೇಲೆ ಬೆಳೆದಿದೆ ಎಂದು ಮತ್ತೆ ಸೆಕ್ಷನ್ ನೋಡಲು ಕೂರುತ್ತೇನೆ.