ಟೀನೇಜ್ ಮಕ್ಕಳ ಪರ್ಸನಾಲಿಟಿ ಟೆಸ್ಟ್ ಸ್ಕೋರ್ ನಂಬೋ ಮುಂಚೆ

ಅಮೆರಿಕದಲ್ಲಿ ಟೀನೇಜ್ ಮಕ್ಕಳಿಗೆ ಕೊಡೋ ಎಂಎಂಪಿಐ-ಎ ಅನ್ನೋ ಪರ್ಸನಾಲಿಟಿ ಟೆಸ್ಟಿನ ರಿಪೋರ್ಟ್ ಕೈಗೆ ಬಂದ್ರೆ ಮೊದ್ಲು ನಾರ್ಮ್ಸ್ ನೋಡಿ, ಅಂದ್ರೆ ಯಾರ ಜೊತೆ ಹೋಲಿಸಿ ಸ್ಕೋರ್ ಹಾಕಿದಾರೆ ಅಂತ. 1943ರ ಮೂಲ ಟೆಸ್ಟ್ ಎಂಎಂಪಿಐನ ನಾರ್ಮ್ಸ್ ಹೆಚ್ಚುಕಮ್ಮಿ ಮಿನ್ನೆಸೋಟದ ಬಿಳಿಯರದ್ದೇ, 1992ರ ಎಂಎಂಪಿಐ-ಎಗೆ 14ರಿಂದ 18 ವಯಸ್ಸಿನ 805 ಹುಡುಗ್ರು 815 ಹುಡ್ಗೀರನ್ನ ತಗೊಂಡ್ರು, ಬೇರೆ ಜನಾಂಗದವ್ರೂ ಇದ್ರು, ಪರವಾಗಿಲ್ಲ.

ಕಪ್ಪು ಮಕ್ಕಳ ಸರಾಸರಿ ಸ್ಕೋರ್ ಬಿಳಿ ಮಕ್ಕಳಿಗಿಂತ ಜಾಸ್ತಿ ಬಂತು ಅಂದ ಮಾತ್ರಕ್ಕೆ ಟೆಸ್ಟೇ ಪಕ್ಷಪಾತಿ ಅನ್ಬೇಡಿ, ಅದೇ ಸ್ಕೋರ್ ಎರಡೂ ಗುಂಪಲ್ಲಿ ಒಂದೇ ಥರದ ನಡವಳಿಕೆ ಹೇಳ್ತಾ ಇದ್ಯಾ ಅನ್ನೋದೇ ಅಸಲಿ ಪ್ರಶ್ನೆ (ಇದನ್ನೇ ಮರೀತಾರೆ). ಟಿ-ಸ್ಕೋರ್ (ಸರಾಸರಿನ 50 ಅಂತಿಟ್ಟು ಹಾಕೋ ಸ್ಕೋರ್) 65 ದಾಟಿದ್ರೆ ತೊಂದ್ರೆ ಇರ್ಬಹುದು ಅಂತ ಲೆಕ್ಕ, ಆಗ ಯಾವ ಪ್ರಶ್ನೆಗಳಿಂದ ಏರ್ತು ನೋಡಿ. ಅಂಗಡಿಗೆ ಹೋದಾಗೆಲ್ಲ ಸೆಕ್ಯುರಿಟಿಯವ್ನು ಹಿಂದಿಂದೆ ಬರೋದನ್ನ ಕಂಡಿರೋ ಹುಡುಗ, ನನ್ನ ಮೇಲೆ ಯಾರೋ ಕಣ್ಣಿಟ್ಟಿದಾರೆ ಅನ್ನೋ ಥರದ ಮಾತಿಗೆ ಹೌದು ಅಂದ್ರೆ ಅದು ಭ್ರಮೆನೇ ಆಗ್ಬೇಕಿಲ್ಲ, ಯಾಕೆ ಹಂಗಂದೆ ಅಂತ ಅವ್ನನ್ನೇ ಕೇಳಿ.