ಕಾರು ಬರುವ ಮೊದಲು ಮನೆಯ ಅರ್ಥಿಂಗ್

ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂದಿರುವ ಗೆಳೆಯರು ನನ್ನನ್ನು ಮೊದಲು ಕೇಳುವುದು, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು. ಮನೆ ಚಿತ್ರದುರ್ಗದಲ್ಲಿ, ಕೆಲಸ ದಾವಣಗೆರೆಯಲ್ಲಿ ಇರುವ ನನಗೆ ಆ ಚಿಂತೆ ಬರಲಿಲ್ಲ. ಭರಮಸಾಗರದ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗಿಬರುವ ದಾರಿ ಸುಮಾರು 120 ಕಿಲೋಮೀಟರ್. 30 ಯೂನಿಟ್ ಹಿಡಿಯುವ ಬ್ಯಾಟರಿಗೆ ಅದು ಹೊರೆಯಲ್ಲ. ನನಗೆ ಮುಖ್ಯವಾಗಿದ್ದುದು ರಾತ್ರಿಯಿಡೀ ಮನೆಯ ಪ್ಲಗ್ಗಿನಿಂದ ಅದನ್ನು ನಿರ್ಭಯವಾಗಿ ತುಂಬಿಸುವುದು. ಆದ್ದರಿಂದ ಕಾರು ಬುಕ್ ಮಾಡಿದ ಕೂಡಲೇ ಮನೆಯ ಅರ್ಥಿಂಗ್, ಅಂದರೆ ಸೋರುವ ಕರೆಂಟನ್ನು ನೆಲಕ್ಕಿಳಿಸುವ ಏರ್ಪಾಡಿನ ಪರೀಕ್ಷೆ ಮಾಡಿಸಿದೆ.

ನಮ್ಮದು ಹಳೆಯ ಮನೆ. ಅರ್ಥಿಂಗ್ ಸರಿಯಿಲ್ಲದಿದ್ದರೂ ಫ್ರಿಜ್, ಮಿಕ್ಸಿ, ವಾಷಿಂಗ್ ಮಷಿನ್‌ಗಳು ತಮ್ಮ ಪಾಡಿಗೆ ಓಡುತ್ತಿರುತ್ತವೆ. ಕಾರಿನ ಚಾರ್ಜರ್ ಹಾಗಲ್ಲ. ಕರೆಂಟ್ ಒಳಗೆ ಬಿಡುವ ಮೊದಲು ಅದು ಅರ್ಥ್ ಇದೆಯೇ ಎಂದು ನೋಡಿಕೊಳ್ಳುತ್ತದೆ, ಇಲ್ಲವಾದರೆ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದಾಗ ಫೇಸ್ (ಕರೆಂಟ್ ತರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ನಡುವೆ 228 ವೋಲ್ಟ್ ಬಂತು, ಅದು ಸರಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ಬರಬಾರದಾಗಿದ್ದ ಕಡೆ 38 ತೋರಿಸಿತು, ಅಂದರೆ ಅರ್ಥಿಂಗ್ ಸರಿಯಿಲ್ಲ.

ಆಗ ಅವರು ಒಂದು ಸುಲಭ ಉಪಾಯ ಹೇಳಿದರು: ಸಾಕೆಟ್ಟಿನೊಳಗೆ ನ್ಯೂಟ್ರಲ್ ತಂತಿಯನ್ನೇ ಅರ್ಥ್ ಪಿನ್ನಿಗೆ ಜೋಡಿಸಿಬಿಟ್ಟರೆ ಚಾರ್ಜರ್ ಕೆಂಪು ದೀಪ ತೋರಿಸದೆ ಸುಮ್ಮನೆ ಚಾರ್ಜ್ ಮಾಡುತ್ತದೆ. ಚಾರ್ಜ್ ಆಗುವುದು ನಿಜ. ಆದರೆ ಸಾಕೆಟ್ಟಿಗೂ ಹಿಂದೆ ವೈರಿಂಗಿನಲ್ಲಿ ಎಲ್ಲಾದರೂ ನ್ಯೂಟ್ರಲ್ ತಂತಿ ತುಂಡಾದರೆ ಅದೇ ಜೋಡಣೆಯ ಮೂಲಕ ಕಾರಿನ ಮೈಗೆಲ್ಲ ಕರೆಂಟ್ ಬರುತ್ತದೆ, ಬಾಗಿಲ ಹಿಡಿಗೆ ಕೈಯಿಡುವುದು ನಮ್ಮ ಮಕ್ಕಳು. ಈ ಉಪಾಯವನ್ನು ಯಾರು ಹೇಳಿದರೂ ಒಪ್ಪಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಅರ್ಥಿಂಗ್ ಪೈಪು ಹೂಳಲು ಹೊಸ ಗುಂಡಿ ತೆಗೆಸುವುದೆಂದು ತೀರ್ಮಾನವಾಯಿತು. ಇಲ್ಲಿಯೇ ನಮ್ಮೂರಿನ ನೆಲ ಅಡ್ಡ ಬಂತು. ಕೋಟೆಯ ಸುತ್ತಮುತ್ತ ಎಲ್ಲಿ ಅಗೆದರೂ ಬಂಡೆ, ಮೇಲಿನ ಮಣ್ಣು ಗರಸು, ಮಳೆಯೂ ಕಡಿಮೆ. ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಹಿಡಿದಿಳಿಸದ ಕಾರಣ, ಮಳೆಗಾಲದಲ್ಲಿ ಚೆನ್ನಾಗಿರುವ ಅರ್ಥಿಂಗ್ ಏಪ್ರಿಲ್ ಹೊತ್ತಿಗೆ ಕೈಕೊಡುತ್ತದೆ. ಎರಡೂವರೆ ಮೀಟರ್ ಉದ್ದದ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪನ್ನು ನೆಟ್ಟಗೆ ಇಳಿಸಲು ಅಂಗಳದಲ್ಲಿ ಬಂಡೆ ಬಿಡಲಿಲ್ಲವಾದ್ದರಿಂದ ಅದನ್ನು ಸ್ವಲ್ಪ ಓರೆಯಾಗಿ ಇಳಿಸಿ, ಇನ್ನೊಂದನ್ನು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ತೇವದ ಜಾಗದಲ್ಲಿ ಹಾಕಿಸಿ, ಎರಡನ್ನೂ ತಾಮ್ರದ ತಂತಿಯಿಂದ ಕೂಡಿಸಿದೆವು. ಎರಡು ಪೈಪುಗಳು ಹತ್ತಿರ ಹತ್ತಿರವಿದ್ದರೆ ಒಂದೇ ಮಣ್ಣನ್ನು ಹಂಚಿಕೊಳ್ಳುವುದರಿಂದ ಎರಡನೆಯದರ ಪ್ರಯೋಜನ ಅಷ್ಟಾಗಿ ಸಿಗುವುದಿಲ್ಲ. ವಾಡಿಕೆಯಂತೆ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುತ್ತಾರೆ. ಉಪ್ಪು ಕಾಲಕ್ರಮೇಣ ಪೈಪನ್ನು ತಿನ್ನುವುದರಿಂದ ನಾನು ಉಪ್ಪು ಕಡಿಮೆ ಮಾಡಿಸಿ, ತೇವ ಹಿಡಿದಿಡುವ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿಯನ್ನು ಹೆಚ್ಚು ಹಾಕಿಸಿದೆ. ಗುಂಡಿಗೆ ಕೊಡಗಟ್ಟಲೆ ನೀರು ಸುರಿದು, ಅದು ಇಂಗಿದ ಮೇಲೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮತ್ತೆ ಅಳೆದಾಗ ಮೀಟರ್ 2 ವೋಲ್ಟ್‌ಗಿಂತ ಕೆಳಗೆ ನಿಂತಿತು.

ವೈರಿಂಗ್ ಕೆಲಸ ಬೇಗ ಮುಗಿಯಿತು. ಮೇನ್ ಬೋರ್ಡಿನಿಂದ ಕಾರಿಗೆಂದೇ ಪ್ರತ್ಯೇಕವಾಗಿ 4 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರು, ನಡುವೆ ಎಲ್ಲಿಯೂ ಜೋಡಣೆ ಇಲ್ಲ. ಅದಕ್ಕೆ ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಒಂದು ಎಂಸಿಬಿ ಸ್ವಿಚ್, 30 ಮಿಲಿಆಂಪಿಯರ್ ಕರೆಂಟ್ ಸೋರಿದರೂ ತಾನೇ ಸಂಪರ್ಕ ಕಡಿದುಕೊಳ್ಳುವ ಆರ್‌ಸಿಸಿಬಿ, ಒಳ್ಳೆಯ ಇಂಡಸ್ಟ್ರಿಯಲ್ ಸಾಕೆಟ್. ಗೀಸರ್ ಅರ್ಧ ಗಂಟೆ ಎಳೆಯುವ ಕರೆಂಟನ್ನು ಕಾರು ಎಂಟು ಹತ್ತು ಗಂಟೆ ಬಿಡದೆ ಎಳೆಯುತ್ತದೆ. ಸಡಿಲವಾದ ಒಂದು ಸ್ಕ್ರೂ ಸಾಕು, ಸಾಕೆಟ್ ಕರಗಲು. ಮನೆಗೆ ಮಂಜೂರಾಗಿದ್ದ ಲೋಡ್ (ಒಮ್ಮೆಗೆ ಬಳಸಬಹುದಾದ ವಿದ್ಯುತ್ತಿನ ಮಿತಿ) ಸಾಲದ್ದರಿಂದ ಅದನ್ನು ಹೆಚ್ಚಿಸಲು ವಿದ್ಯುತ್ ಕಂಪನಿ ಬೆಸ್ಕಾಂಗೆ ಅರ್ಜಿ ಹಾಕಿದೆ.

ಈಗ ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕುವಾಗಲೇ ಎರಡೂ ಗುಂಡಿಗಳಿಗೆ ನೀರು ಬೀಳುತ್ತದೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನು ಆಗಾಗ ಒತ್ತಿ ನೋಡುತ್ತೇನೆ, ಚಾರ್ಜಿಗೆ ಹಾಕಿ ಗಂಟೆ ಕಳೆದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟುತ್ತೇನೆ. ತುಸು ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಸುಡುವಷ್ಟು ಬಿಸಿಯಾಗಿದ್ದರೆ ಅಂದೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು. ಬಾಡಿಗೆ ಮನೆಯಲ್ಲಿರುವವರು ಗುಂಡಿ ತೆಗೆಸುವ ಮಾತನ್ನು ಮಾಲೀಕರೊಡನೆ ಕಾರು ಬುಕ್ ಮಾಡುವ ಮೊದಲೇ ಆಡಿಕೊಳ್ಳುವುದು ಒಳ್ಳೆಯದು.