ಲೈಬ್ರರಿಗೆ ನಾನು ಪ್ರಶ್ನೆ ಹಿಡಿದು ಹೋಗುತ್ತೇನೆ

ಪುಸ್ತಕದ ಹೆಸರು ಬರೆದುಕೊಂಡು ಲೈಬ್ರರಿಗೆ ಹೋಗುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಈಗ ಪ್ರಶ್ನೆ ಬರೆದುಕೊಂಡು ಹೋಗುತ್ತೇನೆ. ಹೆಸರು ಹಿಡಿದು ಹೋದರೆ ಸಿಗುವ ಉತ್ತರ ಎರಡೇ: ಇದೆ, ಅಥವಾ ಇಲ್ಲ. ಇಲ್ಲ ಅಂದರೆ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್. ಪ್ರಶ್ನೆ ಹಿಡಿದು ಹೋದರೆ ಹಾಗಲ್ಲ. ನಾವು ಹೆಸರೇ ಕೇಳಿರದ ಯಾವುದೋ ಪುಸ್ತಕದ ನಡುವಿನ ಅಧ್ಯಾಯದಲ್ಲಿ ಬೇಕಾದ್ದು ಕೂತಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಕಿಟಕಿಯ ಸಜ್ಜೆಯ ಕೆಳಗೆ ಹೆಜ್ಜೇನು ಕಟ್ಟಿತ್ತು. ಅಷ್ಟು ದಿನ ಇದ್ದ ಹುಳಗಳು ಇದ್ದಕ್ಕಿದ್ದಂತೆ ಎರಿ ಬಿಟ್ಟು ಹೋದವು. ಯಾರೂ ಹೊಗೆ ಹಾಕಿರಲಿಲ್ಲ, ಕಲ್ಲು ಹೊಡೆದಿರಲಿಲ್ಲ. 'ಯಾಕೆ ಹೋದವು? ಮತ್ತೆ ಬರುತ್ತವಾ?' ನನ್ನ ಚೀಟಿಯಲ್ಲಿ ಇದ್ದದ್ದು ಇಷ್ಟೇ.

ಮೊದಲು ಹೋಗಿದ್ದು ಮಕ್ಕಳ ವಿಭಾಗಕ್ಕೆ. ಇದು ನನ್ನ ಖಾಯಂ ಅಭ್ಯಾಸ, ಯಾರು ನಕ್ಕರೂ ಬಿಡುವುದಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಮಕ್ಕಳ ಪುಸ್ತಕದಷ್ಟು ಒಳ್ಳೆಯ ಬಾಗಿಲು ಇನ್ನೊಂದಿಲ್ಲ. ನಲವತ್ತು ಪುಟದಲ್ಲಿ ಚಿತ್ರ ಸಮೇತ ಎಲ್ಲ ಹೇಳಿ ಮುಗಿಸಿರುತ್ತಾರೆ. ರಾಣಿ ಯಾವುದು, ಕೆಲಸಗಾರ ಹುಳ ಯಾವುದು, ಹೊಸ ಗುಂಪು ಹೇಗೆ ಒಡೆದು ಹೋಗುತ್ತದೆ, ಎಲ್ಲವೂ ಅಲ್ಲೇ ನಿಂತು ಓದುವಷ್ಟು. ಅದಕ್ಕಿಂತ ಮುಖ್ಯ, ಮುಂದೆ ಯಾವ ಪದ ಹುಡುಕಬೇಕು ಅನ್ನುವುದು ಅಲ್ಲಿ ಸಿಗುತ್ತದೆ. ಹೆಜ್ಜೇನು ಬೇರೆ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಬೇರೆ, ಎರಡರ ಸ್ವಭಾವವೂ ಬೇರೆ ಅನ್ನುವುದು ತಿಳಿದ ಮೇಲೆ ನನ್ನ ಪ್ರಶ್ನೆಯೇ ಚೂಪಾಯಿತು.

ಆಮೇಲೆ ದೊಡ್ಡವರ ಕಪಾಟು. ಪುಸ್ತಕದ ಬೆನ್ನಿನ ಕೆಳಗೆ ಒಂದು ನಂಬರ್ ಅಂಟಿಸಿರುತ್ತಾರಲ್ಲ, ತುಂಬಾ ಜನ ಅದರ ಕಡೆ ನೋಡುವುದೇ ಇಲ್ಲ. ಅದು ಸಿಬ್ಬಂದಿಗೆ ಸಂಬಂಧಪಟ್ಟದ್ದು ಅಂದುಕೊಂಡಿರುತ್ತಾರೆ. ನಿಜವಾಗಿ ಅದು ವಿಷಯದ ವಿಳಾಸ. ಬಹಳಷ್ಟು ಲೈಬ್ರರಿಗಳಲ್ಲಿ ಇರುವುದು ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ಪದ್ಧತಿ. ಎಲ್ಲ ತಿಳಿವಳಿಕೆಯನ್ನೂ 000ದಿಂದ 999ರವರೆಗೆ ಹತ್ತು ಭಾಗ ಮಾಡಿದ್ದಾರೆ. 500ರಿಂದ ವಿಜ್ಞಾನ, 600ರಿಂದ ಅದನ್ನು ಕೆಲಸಕ್ಕೆ ಹಚ್ಚುವ ವಿದ್ಯೆಗಳು, 800ರಿಂದ ಸಾಹಿತ್ಯ, 900ರಿಂದ ಇತಿಹಾಸ ಮತ್ತು ಭೂಗೋಳ. ಕನ್ನಡ ಸಾಹಿತ್ಯ ಬೇಕಾದವರು 894.814 ನೆನಪಿಟ್ಟುಕೊಂಡರೆ ಸಾಕು.

ಇದರಲ್ಲಿ ಒಂದು ತೊಡಕಿದೆ. ಒಂದೇ ವಿಷಯದ ಪುಸ್ತಕಗಳು ಒಂದೇ ಕಡೆ ಇರುವುದಿಲ್ಲ. ಜೇನುಹುಳ ಒಂದು ಕೀಟವಾಗಿ 595.799ರಲ್ಲಿ. ಅದೇ ಹುಳವನ್ನು ಸಾಕುವ ಮಾತು ಬಂದರೆ 638.1. ಮೇಣದಿಂದ ವಸ್ತು ಮಾಡುವುದಾದರೆ ಇನ್ನೂ ದೂರ, ಕರಕುಶಲದ 745.5ರ ಸುತ್ತ. ಒಂದು ಕಪಾಟು ನೋಡಿ 'ಇಲ್ಲಿ ಜೇನಿನ ಪುಸ್ತಕ ಎರಡೇ ಇವೆ' ಅಂತ ಹೊರಟವರು ಉಳಿದದ್ದನ್ನೆಲ್ಲ ಬಿಟ್ಟು ಬಂದ ಹಾಗೆ. ಅದಕ್ಕೇ ನಾನು ಮೊದಲು ಕ್ಯಾಟಲಾಗಿನಲ್ಲಿ ವಿಷಯದ ಪದ ಕೊಟ್ಟು ಹುಡುಕುತ್ತೇನೆ. ಬಂದ ಪುಸ್ತಕಗಳ ಹೆಸರಿಗಿಂತ ಅವುಗಳ ನಂಬರ್ ಮುಖ್ಯ. ಎಷ್ಟು ಬೇರೆ ಬೇರೆ ನಂಬರ್ ಇವೆಯೋ ಅಷ್ಟು ಕಪಾಟಿನ ಮುಂದೆ ನಿಲ್ಲಬೇಕು. ಪ್ರತಿ ಕಡೆ ಎಡಕ್ಕೂ ಬಲಕ್ಕೂ ಒಂದೊಂದು ಸಾಲು ಸುಮ್ನೆ ಕಣ್ಣಾಡಿಸುತ್ತೇನೆ. ನನಗೆ ಹೆಚ್ಚು ಉಪಯೋಗವಾದ ಪುಸ್ತಕಗಳು ಹೀಗೆ ಪಕ್ಕದಲ್ಲಿ ಸಿಕ್ಕವೇ.

ನಂಬರ್ ಓದುವಾಗ ಒಂದು ಎಚ್ಚರ. ಚುಕ್ಕಿಯ ನಂತರದ್ದು ದಶಾಂಶ. ಹಾಗಾಗಿ 595.799 ಮೊದಲು ಬರುತ್ತದೆ, 595.8 ಆಮೇಲೆ. 'ಎಂಟಾದ ಮೇಲಲ್ವಾ ಏಳುನೂರು' ಅಂತ ಮುಂದೆ ಮುಂದೆ ಹುಡುಕುತ್ತಾ ಹೋದವರಿಗೆ ಪುಸ್ತಕ ಸಿಗುವುದಿಲ್ಲ. ಇನ್ನು ನಂಬರಿನಲ್ಲಿ ಅಕ್ಷರ, ಕೋಲನ್ ಚಿಹ್ನೆ ಕಂಡರೆ ಅದು ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1933ರಲ್ಲಿ ತಂದ ಕೋಲನ್ ಪದ್ಧತಿ ಇರಬಹುದು. ಅಲ್ಲಿ ನಾನು ತಲೆ ಕೆಡಿಸಿಕೊಳ್ಳದೆ ಗ್ರಂಥಪಾಲಕರನ್ನೇ ಕೇಳುತ್ತೇನೆ.

ಕೇಳುವುದಕ್ಕೆ ಜನ ಯಾಕೆ ಇಷ್ಟು ಹಿಂಜರಿಯುತ್ತಾರೋ! ಇದೇ ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಅದರಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಿ ಅನ್ನುವುದು. ಅಂದರೆ ದಾರಿ ತೋರಿಸುವುದು ಅವರ ಕೆಲಸದ ಭಾಗವೇ. ಆದರೆ ಕೇಳುವ ರೀತಿ ಸರಿ ಇರಬೇಕು. ನಮಗೆ ಬೇಕಾದ್ದು ಒಂದು, ಕೇಳುವುದು ಇನ್ನೊಂದು. 'ಸಾರ್, ವಿಜ್ಞಾನದ ಪುಸ್ತಕ ಎಲ್ಲಿವೆ?' ಅಂದರೆ ಅವರು ಬೆರಳು ತೋರಿಸಿ ಸುಮ್ಮನಾಗುತ್ತಾರೆ, ಅದು ಅವರ ತಪ್ಪಲ್ಲ. 'ಹೆಜ್ಜೇನು ಎರಿ ಬಿಟ್ಟು ಯಾಕೆ ಹೋಗುತ್ತದೆ ಅಂತ ತಿಳಿಯಬೇಕಿತ್ತು. ಇಂಥ ಎರಡು ಪುಸ್ತಕ ನೋಡಿದೆ, ಅದರಲ್ಲಿ ಸಾಕುವ ಜೇನಿನ ವಿಷಯವೇ ಜಾಸ್ತಿ ಇದೆ' ಅಂದರೆ ಮಾತೇ ಬೇರೆ ದಾರಿ ಹಿಡಿಯುತ್ತದೆ. ನಾನು ಹೀಗೆ ಕೇಳಿದಾಗ ಗ್ರಂಥಪಾಲಕರು ನನ್ನನ್ನು ಕಪಾಟಿನ ಕಡೆ ಕಳಿಸದೆ, ರೆಫರೆನ್ಸ್ ವಿಭಾಗದಲ್ಲಿ ಬೈಂಡ್ ಮಾಡಿಟ್ಟಿದ್ದ ಹಳೆಯ ನಿಯತಕಾಲಿಕೆಗಳ ಕಡೆ ಕರೆದುಕೊಂಡು ಹೋದರು. ಉತ್ತರ ಅಲ್ಲಿತ್ತು. ಹೆಜ್ಜೇನು ಋತುವಿಗೆ ತಕ್ಕಂತೆ, ಹೂವಿರುವ ಕಡೆಗೆ ವಲಸೆ ಹೋಗುವ ಜಾತಿ. ಕಾಲ ಬಂದಾಗ ಹಳೆಯ ಜಾಗಕ್ಕೇ ಮರಳುವುದೂ ಉಂಟು. ಆ ಸಂಪುಟಗಳು ಮನೆಗೆ ಕೊಡುವಂಥವಲ್ಲ. ಇಂಥವುಗಳಿಗೆ ನೋಟ್‌ಬುಕ್ ಬೇಕೇ ಬೇಕು. ಓದಿದ್ದನ್ನು ಬರೆದುಕೊಳ್ಳುವಾಗ ಪುಸ್ತಕದ ನಂಬರ್, ಪುಟ ಎರಡೂ ಬರೆದಿಡಿ. ಮತ್ತೆ ಹುಡುಕುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಗ್ರಂಥಪಾಲಕರನ್ನು ಕೇಳುವುದಿದ್ದರೆ ಜನ ಕಡಿಮೆ ಇರುವ ಹೊತ್ತು ನೋಡಿ. ಪುಸ್ತಕ ಕೊಡುವ ತೆಗೆದುಕೊಳ್ಳುವ ಸಾಲಿನ ನಡುವೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಕಪಾಟಿನಲ್ಲಿ ಒಂದೇ ವಿಷಯಕ್ಕೆ ಆರೇಳು ಪುಸ್ತಕ ಇದ್ದು, ಕಾರ್ಡಿಗೆ ಒಂದೆರಡೇ ಸಿಗುವಾಗ ಆರಿಸುವುದು ಹೇಗೆ? ಮುಖಪುಟ, ಮುನ್ನುಡಿ ನೋಡಿ ನಾನು ತೀರ್ಮಾನ ಮಾಡುವುದಿಲ್ಲ. ಕೊನೆಯ ಪುಟಗಳ ಪದಸೂಚಿ ತೆಗೆದು, ನನಗೆ ಆಗಲೇ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ಹುಡುಕುತ್ತೇನೆ. ಜೇನಿನ ವಿಷಯಕ್ಕೆ ನಾನು ಆರಿಸಿಕೊಂಡದ್ದು ಹುಳದ ಕುಣಿತ. ಅದರ ಅರ್ಥ ಬಿಡಿಸಿದವರು ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ. ಅವರಿಗೆ 1973ರಲ್ಲಿ ನೊಬೆಲ್ ಬಂತು, ಇನ್ನಿಬ್ಬರ ಜೊತೆ. ಎರಿಯ ಮೇಲೆ ಹುಳ ನೇರ ಮೇಲ್ದಿಕ್ಕಿನಿಂದ ಎಷ್ಟು ಓರೆಯಲ್ಲಿ ಕುಣಿಯುತ್ತದೋ, ಸೂರ್ಯನಿಂದ ಅಷ್ಟೇ ಓರೆಯಲ್ಲಿ ಹೂವಿದೆ ಎಂದು ಅರ್ಥ. ಇದನ್ನು ಬಿಡಿಸಿ ಹೇಳಿದ್ದರೆ ಆ ಪುಸ್ತಕ ಮನೆಗೆ. 'ಜೇನುಹುಳ ಕುಣಿದು ಮಾತಾಡುತ್ತದೆ, ಏನು ಅದ್ಭುತ!' ಅಂತಷ್ಟೇ ಬರೆದಿದ್ದರೆ ಕಪಾಟಿನಲ್ಲೇ ಇರಲಿ. ಪದಸೂಚಿಯೇ ಇಲ್ಲದಿದ್ದರೆ ಪರಿವಿಡಿಯಿಂದ ಒಂದು ಅಧ್ಯಾಯ ಆರಿಸಿ ಇದೇ ಪರೀಕ್ಷೆ ಮಾಡಬಹುದು.

ಅಚ್ಚಾದ ವರ್ಷವನ್ನೂ ನೋಡುತ್ತೇನೆ. ಔಷಧಿ, ಕಾನೂನು, ಕಂಪ್ಯೂಟರ್ ವಿಷಯಕ್ಕೆ ಹಳೆಯ ಪುಸ್ತಕ ತರುವುದಿಲ್ಲ. ಕಥೆ, ಕವನ, ಪ್ರವಾಸದ ಬರಹಕ್ಕೆ ಆ ಲೆಕ್ಕ ಬೇಡ.

ಬೇಕಾದ ಪುಸ್ತಕ ಬೇರೆಯವರ ಬಳಿ ಇದ್ದರೆ ರಿಸರ್ವ್ ಮಾಡುವ ವ್ಯವಸ್ಥೆ ಇದೆಯಾ ಕೇಳಿ. ಇನ್ನೊಂದು ಲೈಬ್ರರಿಯಿಂದ ತರಿಸಿಕೊಡುವ ಪದ್ಧತಿಯೂ ಎಷ್ಟೋ ಕಡೆ ಇದೆ, ಅದನ್ನು ಬೋರ್ಡಿನಲ್ಲಿ ಬರೆದಿರುವುದು ಕಡಿಮೆ.

ಓದಿ ಮುಗಿಸಿದ್ದನ್ನು ನಾವೇ ಕಪಾಟಿಗೆ ಇಡುವುದು ಒಳ್ಳೆಯ ಬುದ್ಧಿ ಅಂತ ಕಾಣುತ್ತದೆ, ಅಲ್ವಾ? ನಾನು ಇಡುವುದಿಲ್ಲ. ಒಂದು ಸಾಲು ಆಚೀಚೆ ಆದರೂ ಆ ಪುಸ್ತಕ ಕಳೆದುಹೋದ ಲೆಕ್ಕವೇ. ಎಷ್ಟೋ ಲೈಬ್ರರಿಗಳಲ್ಲಿ ಮೇಜಿನ ಮೇಲೆ ಉಳಿದ ಪುಸ್ತಕಗಳನ್ನು ಎಣಿಸಿ, ಯಾವುದನ್ನು ಜನ ಅಲ್ಲೇ ಕೂತು ಓದುತ್ತಾರೆ ಅಂತ ಗುರುತು ಹಾಕಿಕೊಳ್ಳುತ್ತಾರೆ. ಜಾಗ ಸಾಲದೆ ಪುಸ್ತಕ ತೆಗೆದುಹಾಕುವಾಗ ಯಾರೂ ಮುಟ್ಟದವುಗಳ ಸರದಿಯೇ ಮೊದಲು ಬರುವುದು. ಹಾಗಾಗಿ ಒಳ್ಳೆಯ ಹಳೆಯ ಪುಸ್ತಕವೊಂದು ವರ್ಷಗಟ್ಟಲೆ ಯಾರ ಕೈಗೂ ಹೋಗಿಲ್ಲ ಅಂತ ಒಳಗಿನ ತಾರೀಖಿನ ಚೀಟಿ ಹೇಳಿದರೆ, ಮತ್ತೆ ಓದುವ ನೆಪದಲ್ಲಿ ಅದನ್ನೊಮ್ಮೆ ಮನೆಗೆ ತರುತ್ತೇನೆ. ಚೀಟಿಯ ಮೇಲೆ ಹೊಸ ತಾರೀಖು ಬಿದ್ದರೆ ಅದಕ್ಕೆ ಇನ್ನಷ್ಟು ಆಯಸ್ಸು.

ಹೊಸ ಪುಸ್ತಕ ತರಿಸಲು ಸಲಹೆ ಪುಸ್ತಕದಲ್ಲಿ ಬರೆಯುವಾಗ 'ಒಳ್ಳೆಯ ಪುಸ್ತಕ ತರಿಸಿ' ಅಂದರೆ ಪ್ರಯೋಜನವಿಲ್ಲ. ಹೆಸರು, ಬರೆದವರು, ಪ್ರಕಾಶಕರು, ಹಿಂಬದಿಯ ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆ ಬರೆಯಿರಿ. 2007ರಿಂದ ಅದರಲ್ಲಿ 13 ಅಂಕೆ, ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ 10. ಜೊತೆಗೆ, ಆ ವಿಷಯದಲ್ಲಿ ಈಗ ಕಪಾಟಿನಲ್ಲಿ ಏನಿದೆ, ಏನಿಲ್ಲ ಅಂತ ಒಂದು ಸಾಲು ಸೇರಿಸುತ್ತೇನೆ. ಖರೀದಿ ಪಟ್ಟಿ ಯಾವಾಗ ತಯಾರಾಗುತ್ತದೆ ಅಂತ ಮೊದಲೇ ಕೇಳಿಟ್ಟುಕೊಂಡಿರುತ್ತೇನೆ. ಅದು ಮುಗಿದ ಮೇಲೆ ಬರೆದ ಸಲಹೆ ಮುಂದಿನ ಸುತ್ತಿನವರೆಗೆ ಕಾಯಬೇಕಾಗುತ್ತದೆ.